ಮಾರ್ಕೋನಹಳ್ಳಿಯಿಂದ ವಿಯೆಟ್ನಾಂ ಊಟಕ್ಕೆ: ಫೋನಿನಿಂದ ಬಿಲ್ಲಿನವರೆಗೆ

ಮಗಳಿಗೆ ಬೆಂಗಳೂರಿನಲ್ಲಿ ಸಂಬಳ ಏರಿರುತ್ತದೆ, ಇಲ್ಲವೇ ಅಪ್ಪ-ಅಮ್ಮನ ಮದುವೆಗೆ ಇಪ್ಪತ್ತೈದು ವರ್ಷ ತುಂಬಿರುತ್ತದೆ. ‘ಈ ಸಲ ದೊಡ್ಡ ಹೋಟೆಲ್‌ಗೇ ಹೋಗೋಣ, ಎಲ್ಲರೂ ಬನ್ನಿ’ ಎಂಬ ಕರೆ ಕುಣಿಗಲ್ ಸೀಮೆಯ ಮನೆಗಳಿಗೆ ಈಗ ಹೊಸದೇನಲ್ಲ. ಮಾರ್ಕೋನಹಳ್ಳಿ ಅಣೆಕಟ್ಟೆಯ ಸೈಫನ್‌ಗಳಲ್ಲಿ ನೀರು ಧುಮ್ಮಿಕ್ಕುವುದನ್ನು ನೋಡಲು ಬೆಂಗಳೂರಿನವರು ಕಾರು ಕಟ್ಟಿಕೊಂಡು ಇಲ್ಲಿಗೆ ಬರುತ್ತಾರೆ. ನಾವು ಊಟಕ್ಕೆಂದು ಅಲ್ಲಿಗೆ ಹೋದರೆ ತಪ್ಪೇನಿಲ್ಲ. ಆದರೆ ಮಕ್ಕಳು ಆರಿಸಿದ್ದು ವಿಯೆಟ್ನಾಂ ಊಟವಾದರೆ ಸ್ವಲ್ಪ ತಯಾರಿ ಬೇಕು. ಆ ತಯಾರಿಯಲ್ಲಿ ಮುಕ್ಕಾಲು ಪಾಲು ಮನೆಯಲ್ಲೇ, ಫೋನಿನಲ್ಲೇ ಮುಗಿಯುವಂಥದ್ದು.

ಬೆಂಗಳೂರಿನಲ್ಲಿ ಈ ಊಟಕ್ಕೆ ಮೊದಲು ನೆನಪಾಗುವ ಹೆಸರು ರೇಸ್‌ಕೋರ್ಸ್ ರಸ್ತೆಯ ತಾಜ್ ವೆಸ್ಟ್ ಎಂಡ್ ಆವರಣದಲ್ಲಿರುವ ‘ಬ್ಲೂ ಜಿಂಜರ್’. 1887ರಲ್ಲಿ ಬ್ರಿಟಿಷ್ ಮಹಿಳೆಯೊಬ್ಬರು ಹತ್ತು ಕೋಣೆಗಳ ವಸತಿಗೃಹವಾಗಿ ಶುರು ಮಾಡಿದ ಜಾಗ ಅದು. ಇವತ್ತು ಇಪ್ಪತ್ತು ಎಕರೆ ಮರಗಿಡಗಳ ನಡುವಿನ ಐದು ತಾರೆ ಹೋಟೆಲ್. ಜೇಬಿಗೆ ಅಷ್ಟು ಭಾರವಾಗದ ಜಾಗಗಳು ಇಂದಿರಾನಗರ, ಕೋರಮಂಗಲದ ಕಡೆ ಸಿಗುತ್ತವೆ. ಎಲ್ಲಿಗೇ ಹೋದರೂ ಮುಂದಿನ ಮಾತುಗಳು ಅನ್ವಯಿಸುತ್ತವೆ.

ಮೊದಲು ದಿನ ನೋಡಿ

ಪಂಚಾಂಗ ನೋಡಿ ಎಂದಲ್ಲ. ನಮ್ಮ ಕಡೆ ಮಾಂಸ ತಿನ್ನುವ ಮನೆಗಳಲ್ಲೂ ಸೋಮವಾರ, ಶನಿವಾರ, ಶ್ರಾವಣ ಎಂದು ಬಿಡುವವರು ಬಹಳ. ಯಡಿಯೂರು ಸಿದ್ಧಲಿಂಗೇಶ್ವರರ ಒಕ್ಕಲಿನ ಮನೆಗಳಲ್ಲಿ ಎಲ್ಲ ದಿನವೂ ಸಸ್ಯಾಹಾರ. ಮಕ್ಕಳು ತಮ್ಮ ರಜೆಗೆ ಸರಿಯಾಗಿ ಶನಿವಾರ ಟೇಬಲ್ ಹಿಡಿದರೆ ಅಪ್ಪ ಅನ್ನ-ಸೌತೆಕಾಯಿ ತಿಂದು ಎದ್ದು ಬರಬೇಕಾಗುತ್ತದೆ. ಭಾನುವಾರ ಮಧ್ಯಾಹ್ನ ವಾಸಿ. ವಿಯೆಟ್ನಾಮಿನ ಬೌದ್ಧರಲ್ಲೂ ಇಂಥದೇ ಲೆಕ್ಕವಿದೆ. ಚಾಂದ್ರಮಾನ ತಿಂಗಳ 1 ಮತ್ತು 15ನೇ ದಿನ, ಅಂದರೆ ಅಮಾವಾಸ್ಯೆ-ಹುಣ್ಣಿಮೆಯ ಹೊತ್ತಿಗೆ, ಅನೇಕರು ಮಾಂಸ ಮುಟ್ಟುವುದಿಲ್ಲ. ಹಾಗಾಗಿ ಅಲ್ಲಿನ ಅಡುಗೆಯಲ್ಲಿ ಸಸ್ಯಾಹಾರ ಎಂಬುದು ಅಪರೂಪದ ಬೇಡಿಕೆಯೇನಲ್ಲ. ಕೇಳುವುದಕ್ಕೆ ಸಂಕೋಚ ಬೇಡ.

ಮಧ್ಯಾಹ್ನದ ಊಟ ತೆರೆದಿರುತ್ತದೆಯೇ, ರಾತ್ರಿ ಮಾತ್ರವೇ ಎಂದು ವಿಚಾರಿಸಿಕೊಳ್ಳಿ. ಯಡಿಯೂರಿಗೆ ಬಂದು ಹೆದ್ದಾರಿ ಹಿಡಿದರೆ ಬೆಂಗಳೂರು ನೂರು ಕಿಲೋಮೀಟರ್ ಆಸುಪಾಸು. ನೆಲಮಂಗಲದಿಂದ ಒಳಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆಂಬುದು ಅವತ್ತಿನ ಟ್ರಾಫಿಕ್‌ಗೆ ಬಿಟ್ಟದ್ದು. ರಾತ್ರಿ ಎಂಟೂವರೆಗೆ ಟೇಬಲ್ ಎಂದರೆ ಎದ್ದು ಬರುವಾಗ ಹನ್ನೊಂದು. ಬಸ್ಸಿನಲ್ಲಿ ಬಂದವರು ಆ ಹೊತ್ತಿಗೆ ವಾಪಸಾಗುವ ಯೋಚನೆ ಬಿಟ್ಟು ಮಗಳ ಮನೆಯಲ್ಲೇ ಮಲಗುವುದು ಒಳ್ಳೆಯದು. ರೇಸ್‌ಕೋರ್ಸ್ ರಸ್ತೆಗೆ ಹೋಗುವವರು ಮೆಜೆಸ್ಟಿಕ್‌ನಲ್ಲಿ ಇಳಿದು ಆಟೋ ಹಿಡಿದರೆ ಸಾಕು.

ಫೋನಿನಲ್ಲಿ ಕೇಳಬೇಕಾದ್ದು

ಟೇಬಲ್ ಕಾಯ್ದಿರಿಸುವುದು ಆ್ಯಪ್‌ನಲ್ಲೂ ಆಗುತ್ತದೆ. ಆದರೂ ಎರಡು ದಿನ ಮುಂಚೆ ಒಂದು ಫೋನ್ ಮಾಡಿ. ಯಾಕೆಂದರೆ ವಿಯೆಟ್ನಾಂ ಅಡುಗೆಯ ಬುಡದಲ್ಲಿರುವುದು ಮೀನಿನ ಸಾಸ್. ಬೆರಳುದ್ದದ ಸಣ್ಣ ಸಮುದ್ರ ಮೀನನ್ನು ಉಪ್ಪಿನಲ್ಲಿ ಬೆರೆಸಿ, ಆಳೆತ್ತರದ ಮರದ ಪೀಪಾಯಿಗಳಲ್ಲಿ ತುಂಬಿ, ವರ್ಷದ ಹತ್ತಿರ ಹುದುಗಲು ಬಿಡುತ್ತಾರೆ. ಬುಡದಿಂದ ಬಸಿದು ಬರುವ ಕೆಂಗಂದು ಬಣ್ಣದ ತಿಳಿಯೇ ‘ನುವೋಕ್ ಮಾಮ್’. ಫು ಕ್ವೋಕ್ ದ್ವೀಪದ ಸಾಸ್‌ಗೆ ಎಷ್ಟು ಹೆಸರೆಂದರೆ, 2012ರಲ್ಲಿ ಐರೋಪ್ಯ ಒಕ್ಕೂಟ ಅದಕ್ಕೆ ಮೂಲಸ್ಥಳದ ರಕ್ಷಣೆ ಕೊಟ್ಟಿತು. ಇದು ನಮ್ಮ ಅಡುಗೆಯ ಉಪ್ಪಿನ ಜಾಗದಲ್ಲಿದೆ. ಪಪ್ಪಾಯಿ ಕೋಸಂಬರಿಗೂ ಬೀಳುತ್ತದೆ, ಸೊಪ್ಪು ಹುರಿಯುವಾಗಲೂ ಬೀಳುತ್ತದೆ, ಅದ್ದಿಕೊಂಡು ತಿನ್ನುವ ಬಟ್ಟಲಲ್ಲಂತೂ ಅದೇ ಇರುತ್ತದೆ. ತಟ್ಟೆಯಲ್ಲಿ ಮೀನಿನ ತುಂಡೇ ಕಾಣದಿರುವುದರಿಂದ ‘ವೆಜ್’ ಎಂದುಕೊಂಡು ತಿಂದುಬಿಡುವ ಅಪಾಯ ಇಲ್ಲೇ.

ಆದ್ದರಿಂದ ‘ವೆಜ್ ಸಿಗುತ್ತದಾ?’ ಎಂದು ಕೇಳಿದರೆ ಸಾಲದು. ‘ಸಿಗುತ್ತೆ ಸರ್’ ಎಂಬ ಉತ್ತರ ಬಂದೇ ಬರುತ್ತದೆ. ಹೀಗೆ ಕೇಳಿ: ‘ಇಬ್ಬರು ಪೂರ್ತಿ ಸಸ್ಯಾಹಾರಿಗಳು. ಮೀನಿನ ಸಾಸ್, ಸಿಗಡಿ ಪೇಸ್ಟ್, ಆಯ್ಸ್ಟರ್ ಸಾಸ್, ಮೊಟ್ಟೆ ಯಾವುದೂ ಆಗುವುದಿಲ್ಲ. ಅದ್ದಿಕೊಳ್ಳುವ ಸಾಸ್ ಸೋಯಾದಲ್ಲಿ ಬೇರೆ ಮಾಡಿಕೊಡುತ್ತೀರಾ? ಸೂಪಿನ ನೀರು ಬರೀ ತರಕಾರಿಯದಾ?’ ಕೊನೆಯ ಪ್ರಶ್ನೆ ಮುಖ್ಯ. ‘ಫೋ’ ಎಂಬ ಅಕ್ಕಿ ಶಾವಿಗೆಯ ಸೂಪು ವಿಯೆಟ್ನಾಮಿನಲ್ಲಿ ದನದ ಇಲ್ಲವೇ ಕೋಳಿಯ ಮೂಳೆಯನ್ನು ಗಂಟೆಗಟ್ಟಲೆ ಕುದಿಸಿ ಮಾಡುವಂಥದ್ದು. ಒಳ್ಳೆಯ ಅಡುಗೆಮನೆಯಲ್ಲಿ ಸಸ್ಯಾಹಾರಿಗಳಿಗೆ ಸುಟ್ಟ ಈರುಳ್ಳಿ, ಸುಟ್ಟ ಶುಂಠಿ, ಮೂಲಂಗಿ, ಅಣಬೆ, ಚಕ್ಕೆ, ಲವಂಗ, ಬಿರಿಯಾನಿಗೆ ಹಾಕುವ ಅನಾನಸ್ ಹೂವು ಇವಿಷ್ಟರಲ್ಲೇ ಬೇರೆ ಪಾತ್ರೆ ಇಡುತ್ತಾರೆ. ಎರಡು ದಿನ ಮುಂಚೆ ಹೇಳಿದರೆ ಅದಕ್ಕೆ ಸಮಯ ಸಿಗುತ್ತದೆ. ಟೇಬಲ್‌ನಲ್ಲಿ ಕುಳಿತು ಹೇಳಿದರೆ ಬಾಣಸಿಗನಾದರೂ ಏನು ಮಾಡಿಯಾನು?

ಮಾಂಸ ತಿನ್ನುವವರಿಗೂ ಒಂದು ಪ್ರಶ್ನೆ ಇದೆ. ಮೆನುವಿನಲ್ಲಿ ‘ಟೆಂಡರ್‌ಲಾಯಿನ್’ ಎಂದಿದ್ದರೆ ಅದನ್ನು ಕುರಿಮಾಂಸ ಎಂದುಕೊಳ್ಳಬೇಡಿ, ಯಾವುದರದ್ದೆಂದು ಕೇಳಿ. ಹಂದಿ ಆಗದವರು ಸ್ಪ್ರಿಂಗ್ ರೋಲ್‌ನ ಹೂರಣವನ್ನೂ ವಿಚಾರಿಸಬೇಕು. ಕಡಲೆಕಾಯಿ ಆಗದ ಮಗುವಿದ್ದರೆ ಫೋನಿನಲ್ಲೇ ಹೇಳಿಬಿಡಿ, ಈ ಊಟದಲ್ಲಿ ಹುರಿದು ಕುಟ್ಟಿದ ಕಡಲೆಬೀಜ ಎಲ್ಲದರ ಮೇಲೂ ಉದುರುತ್ತದೆ.

ಉಡುಪಿನ ಬಗ್ಗೆಯೂ ಅದೇ ಫೋನಿನಲ್ಲಿ ಕೇಳಿಕೊಳ್ಳುವುದು ಲೇಸು. ಇಂಥ ಕಡೆ ಸಾಮಾನ್ಯವಾಗಿ ತಕರಾರು ಬರುವುದು ಗಂಡಸರ ಚಡ್ಡಿ, ಹವಾಯಿ ಚಪ್ಪಲಿಗೆ. ಆದರೂ 2024ರ ಜುಲೈನಲ್ಲಿ ಬೆಂಗಳೂರಿನ ಮಾಲ್ ಒಂದು ಪಂಚೆ ಉಟ್ಟ ರೈತರೊಬ್ಬರನ್ನು ಒಳಗೆ ಬಿಡದೆ, ಕೊನೆಗೆ ಕೆಲವು ದಿನ ಬಾಗಿಲು ಹಾಕಬೇಕಾಗಿ ಬಂದದ್ದನ್ನು ನಾವು ಮರೆತಿಲ್ಲ. ‘ನಮ್ಮ ತಂದೆ ಪಂಚೆಯಲ್ಲಿ ಬರುತ್ತಾರೆ’ ಎಂದು ಮುಂಚೆಯೇ ಹೇಳಿ, ಮಾತಾಡಿದವರ ಹೆಸರು ಬರೆದಿಟ್ಟುಕೊಂಡರೆ ಬಾಗಿಲಲ್ಲಿ ನಿಂತು ವಾದಿಸುವ ಪ್ರಸಂಗ ಬರುವುದಿಲ್ಲ. ಪಂಚೆಗಾಗಿ ಪ್ಯಾಂಟು ಹೊಲಿಸಬೇಡಿ.

ಏನು ಹೇಳಬೇಕು

ಇಲ್ಲಿ ಒಬ್ಬೊಬ್ಬರಿಗೆ ಒಂದೊಂದು ತಟ್ಟೆ ತರಿಸುವುದು ದಂಡ. ಎಲ್ಲವನ್ನೂ ನಡುವೆ ಇಟ್ಟು ಹಂಚಿಕೊಂಡು ತಿನ್ನುವುದೇ ಅಲ್ಲಿನ ಪದ್ಧತಿ. ನಾಲ್ಕು ಜನಕ್ಕೆ ಎರಡು ಶುರುವಿನ ಖಾದ್ಯ, ಒಂದು ಕೋಸಂಬರಿಯಂಥದ್ದು, ಎರಡು ಮುಖ್ಯ ಖಾದ್ಯ, ಅನ್ನ. ಸಾಲದಿದ್ದರೆ ಆಮೇಲೆ ಹೇಳಬಹುದು. ಐದು ತಾರೆ ಹೋಟೆಲಿನಲ್ಲಿ ಮುಖ್ಯ ಖಾದ್ಯವೊಂದಕ್ಕೆ ಸಾವಿರ ದಾಟುವುದು ಮಾಮೂಲು.

ಹೆಸರುಗಳು ನಾಲಿಗೆಗೆ ಹೊಸವು, ರುಚಿಗಳು ಅಷ್ಟೇನೂ ಹೊಸವಲ್ಲ. ಅಕ್ಕಿ, ತೆಂಗು, ಹುಣಸೆ, ನಿಂಬೆ, ಅರಿಶಿನ, ಕೊತ್ತಂಬರಿ ಎಲ್ಲವೂ ಅಲ್ಲಿವೆ. ‘ಬಾನ್ ಸೆವೊ’ ಅಕ್ಕಿಹಿಟ್ಟಿಗೆ ಅರಿಶಿನ, ತೆಂಗಿನಹಾಲು ಬೆರೆಸಿ ತೆಳ್ಳಗೆ ಹುಯ್ದದ್ದು. ಹುದುಗಿಸುವುದಿಲ್ಲವಾದ್ದರಿಂದ ಹುಳಿ ಇಲ್ಲ. ಒಳಗೆ ಮೊಳಕೆಕಾಳು, ಸಿಗಡಿ ಅಥವಾ ಅಣಬೆ. ತಿಪಟೂರು, ಗುಬ್ಬಿ ಕಡೆಯ ತೆಂಗಿನ ಸೀಮೆಯವರಿಗೆ ಇದು ಮೊದಲ ತುತ್ತಿಗೇ ಒಗ್ಗುತ್ತದೆ. ಅಣೆಕಟ್ಟೆಯ ಕಾಟ್ಲಾ, ರೋಹು ತಿಂದು ಬೆಳೆದವರಿಗೆ ‘ಕಾನ್ ಚುವಾ’ ಹೇಳಿ. ಹುಣಸೆಹುಳಿಯಲ್ಲಿ ಟೊಮೆಟೊ, ಬೆಂಡೆಕಾಯಿ, ಅನಾನಸ್ ಹಾಕಿದ ಮೀನಿನ ಸೂಪು ಅದು. ನಮ್ಮ ಮೀನ್ ಸಾರಿನ ಮಸಾಲೆ ಇರುವುದಿಲ್ಲ, ಸಿಹಿ ತುಸು ಮುಂದು. ಖಾರ ಬೇಕಾದರೆ ಹಸಿಮೆಣಸಿನಕಾಯಿ ಬೇರೆ ಬಟ್ಟಲಲ್ಲಿ ಕೇಳಿ, ಕೊಡುತ್ತಾರೆ. ಮಣ್ಣಿನ ಮಡಕೆಯಲ್ಲಿ ಸಕ್ಕರೆ ಪಾಕ, ಮೆಣಸು ಹಾಕಿ ಬತ್ತಿಸಿದ ಮೀನು ‘ಕಾ ಖೋ ತೋ’. ಅನ್ನದ ಜೊತೆಗೆ ನನಗೆ ಇದಕ್ಕಿಂತ ಹೆಚ್ಚಿನದು ಕಾಣದು. ಸಸ್ಯಾಹಾರಿಗಳು ತಾವರೆ ದಂಟಿನ ಸಲಾಡ್, ತೋಫು, ಬದನೆಕಾಯಿಯ ಕಡೆ ನೋಡಲಿ. ತಾವರೆ ದಂಟಿನ ಸಲಾಡ್‌ಗೆ ಸಿಗಡಿ ಸೇರಿಸುವ ವಾಡಿಕೆ ಇದೆ, ಬೇಡವೆನ್ನಿ.

ಮೆನುವಿನ ಹಸಿರು ಚುಕ್ಕೆ ನೋಡಿದ ಮೇಲೂ ಅಮ್ಮ ಕೇಳಿಯೇ ಕೇಳುತ್ತಾರೆ: ‘ಇದ್ರಲ್ಲಿ ಮೀನು ಇಲ್ಲ ತಾನೇನಪ್ಪಾ?’ ಕೇಳಲಿ ಬಿಡಿ. ಬಡಿಸುವವರು ಒಳಗೆ ಹೋಗಿ ವಿಚಾರಿಸಿ ಬಂದು ಹೇಳುವುದು ಅವರ ಕೆಲಸವೇ. ಕನ್ನಡದಲ್ಲೇ ಕೇಳಿ. ಅವರಿಗೆ ಬಾರದಿದ್ದರೆ ಬರುವವರೊಬ್ಬರನ್ನು ಕಳಿಸುತ್ತಾರೆ.

ಕೈಯಲ್ಲಿ ತಿನ್ನಬಹುದೇ?

ತಿನ್ನಬಹುದು, ಕೆಲವನ್ನು ಕೈಯಲ್ಲೇ ತಿನ್ನಬೇಕು. ಅಕ್ಕಿ ಹಾಳೆಯ ರೋಲನ್ನು ನಿಮ್ಮೆದುರೇ ಸುತ್ತಿಕೊಳ್ಳಲು ಕೊಟ್ಟರೆ ಗಾಬರಿ ಬೇಡ. ತಟ್ಟೆಯಗಲದ, ಒಣ ಹಪ್ಪಳದಷ್ಟು ಗಡುಸಾದ ಹಾಳೆ, ಪಕ್ಕದಲ್ಲಿ ಬೆಚ್ಚಗಿನ ನೀರು. ಹಾಳೆಯನ್ನು ನೀರಿನಲ್ಲಿ ಒಂದು ಸುತ್ತು ತಿರುಗಿಸಿ, ಇನ್ನೂ ಅಷ್ಟು ಬಿರುಸಾಗಿರುವಾಗಲೇ ತಟ್ಟೆಗೆ ಹಾಕಿ. ಅಲ್ಲೇ ಮೆತ್ತಗಾಗುತ್ತದೆ. ನೀರಿನಲ್ಲೇ ಮೆತ್ತಗಾಗಲು ಬಿಟ್ಟರೆ ಬೆರಳಿಗೆ ಮೆತ್ತಿಕೊಂಡು ಹರಿಯುತ್ತದೆ. ನಿಮ್ಮ ಕಡೆಯ ಅಂಚಿಗೆ ಲೆಟ್ಯೂಸ್ ಎಲೆ, ಅದರ ಮೇಲೆ ಶಾವಿಗೆ, ಪುದೀನ, ಸೌತೆಕಾಯಿ, ಸಿಗಡಿ ಅಥವಾ ತೋಫು. ತುಂಬ ತುರುಕಬೇಡಿ. ಕೆಳಗಿನ ಅಂಚನ್ನು ಹೂರಣದ ಮೇಲೆಳೆದು, ಎಡ-ಬಲ ಮಡಚಿ, ಬಿಗಿಯಾಗಿ ಮುಂದಕ್ಕೆ ಸುತ್ತಿ. ಸುತ್ತಿದ ತಕ್ಷಣ ತಿನ್ನಬೇಕು. ಬಾನ್ ಸೆವೊ ಕೂಡ ಹೀಗೆಯೇ. ತುಂಡು ಮುರಿದು ಎಲೆಯಲ್ಲಿ ಸುತ್ತಿ, ಸಾಸ್‌ನಲ್ಲಿ ಅದ್ದಿ ಬಾಯಿಗೆ. ಟೇಬಲ್ಲಿಗೆ ಬರುವ ಹಸಿ ಸೊಪ್ಪಿನ ತಟ್ಟೆ ಅಲಂಕಾರಕ್ಕಲ್ಲ, ತಿನ್ನುವುದಕ್ಕೆ.

ಫೋ ಬಂದಾಗ ಮೊದಲು ನೀರನ್ನು ಬರಿದೇ ಒಂದು ಚಮಚ ಕುಡಿದು ನೋಡಿ. ನಿಂಬೆ, ಮೆಣಸಿನಕಾಯಿ, ಸೊಪ್ಪು ಆಮೇಲೆ, ನಿಮ್ಮ ನಾಲಿಗೆ ಕೇಳಿದಷ್ಟು. ಬಂದೊಡನೆ ಕೆಂಪು ಸಾಸ್ ಸುರಿದರೆ ಅಷ್ಟು ಹೊತ್ತು ಕುದಿಸಿದವರ ಶ್ರಮ ನೀರುಪಾಲು. ಕಡ್ಡಿ ಹಿಡಿಯಲು ಬಾರದವರು ಫೋರ್ಕ್ ಕೇಳಿ, ಯಾರೂ ನಗುವುದಿಲ್ಲ. ಕಡ್ಡಿಗಳನ್ನು ಅನ್ನದಲ್ಲಿ ನೆಟ್ಟು ಮಾತ್ರ ಬಿಡಬೇಡಿ. ಅಲ್ಲಿ ಅದು ಸತ್ತವರ ಮುಂದೆ ಊದುಬತ್ತಿ ಹಚ್ಚಿಟ್ಟಂತೆ ಕಾಣುತ್ತದೆ.

ಕೊನೆಗೆ ಕಾಫಿ ಇದ್ದರೆ ಬಿಡಬೇಡಿ. 1857ರಲ್ಲಿ ಫ್ರೆಂಚರು ತಂದ ಗಿಡ, ಇವತ್ತು ಬ್ರೆಜಿಲ್ ಬಿಟ್ಟರೆ ಜಗತ್ತಿನಲ್ಲಿ ಅತಿ ಹೆಚ್ಚು ಕಾಫಿ ಬೆಳೆಯುವ ದೇಶ ವಿಯೆಟ್ನಾಂ. ಬಹುಪಾಲು ರೊಬಸ್ಟಾ. ಲೋಟದ ಮೇಲೆ ಕೂರುವ ಪುಟ್ಟ ಫಿಲ್ಟರಿನಿಂದ ನಾಲ್ಕೈದು ನಿಮಿಷ ತೊಟ್ಟಿಕ್ಕಿ, ಕೆಳಗಿನ ಮಂದ ಸಿಹಿ ಹಾಲಿನ ಮೇಲೆ ಕರ್ರಗೆ ನಿಲ್ಲುತ್ತದೆ. ಕಲಸಿ ಕುಡಿಯಬೇಕು. ಸಕ್ಕರೆ ಕಾಯಿಲೆ ಇರುವವರು ಹಾಲಿಲ್ಲದೆ ಕೇಳಿ. ರಾತ್ರಿ ನಿದ್ದೆ ಬಾರದವರು ಮೊಮ್ಮಕ್ಕಳ ಲೋಟದಲ್ಲಿ ಒಂದು ಗುಟುಕು ರುಚಿ ನೋಡಿದರೆ ಸಾಕು.

ಬಿಲ್ಲು

ಮೆನುವಿನಲ್ಲಿ ಕಂಡ ಬೆಲೆ ಕಟ್ಟುವ ಬೆಲೆಯಲ್ಲ. ದಿನಕ್ಕೆ 7,500 ರೂಪಾಯಿಗಿಂತ ಹೆಚ್ಚು ಬಾಡಿಗೆಯ ಕೋಣೆಗಳಿರುವ ಹೋಟೆಲಿನ ಒಳಗಿನ ರೆಸ್ಟೋರೆಂಟಿಗೆ ಜಿಎಸ್‌ಟಿ 18%, ಹೊರಗಿನ ಸಾಮಾನ್ಯ ರೆಸ್ಟೋರೆಂಟಿಗೆ 5%. ನಿಮ್ಮ ಊಟ 6,000 ರೂಪಾಯಿ ಆಯಿತೆನ್ನಿ. ಐದು ತಾರೆಯಲ್ಲಿ 7,080 ಕಟ್ಟುತ್ತೀರಿ, ಇಂದಿರಾನಗರದ ರಸ್ತೆಬದಿಯ ರೆಸ್ಟೋರೆಂಟಿನಲ್ಲಿ 6,300. ಐದು ತಾರೆಯಲ್ಲಿ ಇದರ ಜೊತೆ 10% ಸರ್ವಿಸ್ ಚಾರ್ಜ್ ಸೇರಿಸಿದರೆ ಅದರ ಮೇಲೂ ತೆರಿಗೆ ಬಿದ್ದು 7,788 ಆಗುತ್ತದೆ.

ಈ ಸರ್ವಿಸ್ ಚಾರ್ಜ್ ಸರ್ಕಾರದ ತೆರಿಗೆಯಲ್ಲ. ಅದನ್ನು ತಾನಾಗಿಯೇ ಬಿಲ್ಲಿಗೆ ಸೇರಿಸುವಂತಿಲ್ಲ, ಬೇರೆ ಹೆಸರಿನಲ್ಲೂ ವಸೂಲು ಮಾಡುವಂತಿಲ್ಲ ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಹೇಳಿತು. 2025ರ ಮಾರ್ಚ್ 28ರಂದು ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಬಿಲ್ಲಿನಲ್ಲಿ ಕಂಡರೆ ‘ಇದನ್ನು ತೆಗೆದುಹಾಕಿ’ ಎಂದರೆ ಸಾಕು, ದನಿ ಏರಿಸಬೇಕಿಲ್ಲ. ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಬಡಿಸಿದವರು ಮನಸ್ಸಿಗೆ ಹಿಡಿಸಿದ್ದರೆ ಕೈಯಿಂದ ಕೊಡಿ. ಮೀನಿನ ಸಾಸ್ ಬಗ್ಗೆ ಅಡುಗೆಮನೆಗೆ ನಾಲ್ಕು ಸಲ ಓಡಾಡಿದವರಿಗೆ ಅದು ಸಲ್ಲಬೇಕಾದ್ದೇ.

ನೀರಿನ ವಿಷಯದಲ್ಲಿ ಮಾತ್ರ ಕಾನೂನು ನಿಮ್ಮ ಕಡೆಗಿಲ್ಲ. ಹೋಟೆಲಿನೊಳಗೆ ಬಾಟಲಿ ನೀರಿಗೆ ಮುದ್ರಿತ ಬೆಲೆಗಿಂತ ಹೆಚ್ಚು ತೆಗೆದುಕೊಳ್ಳಬಹುದೆಂದು 2017ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕುಳಿತ ಕೂಡಲೇ ‘ರೆಗ್ಯುಲರ್ ವಾಟರ್’ ಎಂದು ಹೇಳುವುದು ಅದಕ್ಕಿರುವ ಮದ್ದು. ಬಾಟಲಿಯ ಮುಚ್ಚಳ ತೆರೆದರೆ ಅದು ನಿಮ್ಮದೇ.

ಉಳಿದದ್ದನ್ನು ಕಟ್ಟಿಸಿಕೊಳ್ಳಲು ನಾಚಿಕೆ ಬೇಡ. ಮಡಕೆ ಮೀನು, ಅನ್ನ, ತೋಫು ಯಡಿಯೂರಿನವರೆಗೂ ಚೆನ್ನಾಗಿಯೇ ಬರುತ್ತವೆ. ಫೋ ಉಳಿದರೆ ಶಾವಿಗೆ ಬೇರೆ, ನೀರು ಬೇರೆ ಕಟ್ಟಲು ಹೇಳಿ, ಇಲ್ಲದಿದ್ದರೆ ನೆಲಮಂಗಲ ದಾಟುವಷ್ಟರಲ್ಲಿ ಮುದ್ದೆಯಾಗಿರುತ್ತದೆ. ಅಕ್ಕಿ ಹಾಳೆಯ ರೋಲುಗಳು ದಾರಿಯಲ್ಲಿ ಒಣಗಿ ತೊಗಲಿನಂತಾಗುತ್ತವೆ. ಅವನ್ನು ಅಲ್ಲೇ ತಿಂದು ಮುಗಿಸಿ.