ಕಂಬಿಯ ಕೆಳಗೆ ಜಲ್ಲಿ ಚೂರು ಸಾಕೇ?

ಮನೆಗೆ ಮೋಲ್ಡ್ ಹಾಕಿಸುವ ಮುನ್ನ ಮೇಸ್ತ್ರಿ ಕಂಬಿಯ ಕೆಳಗೆ ಜಲ್ಲಿ ಚೂರು ಇಡುತ್ತಿದ್ದಾರೆ, ಇದು ಸರಿಯೇ ಎಂಬುದು ಓದುಗರೊಬ್ಬರ ಪ್ರಶ್ನೆ.

ಖಂಡಿತ ಸರಿಯಲ್ಲ.

ಕೆಲಸಗಾರರು ಓಡಾಡುವಾಗ, ವೈಬ್ರೇಟರ್ ಆಡಿಸುವಾಗ ಜಲ್ಲಿ ಜಾರಿ, ಕಂಬಿ ಸೆಂಟ್ರಿಂಗ್ ಶೀಟಿಗೆ ತಾಗಿ ಕೂರುತ್ತದೆ. ಅಂಥ ಕಂಬಿಗೆ ತೇವ ಬೇಗ ತಗಲುತ್ತದೆ. ತುಕ್ಕು ಹಿಡಿದು ಉಬ್ಬಿದಾಗ ಚಾವಣಿಯ ಕಾಂಕ್ರೀಟು ಚಕ್ಕೆ ಚಕ್ಕೆಯಾಗಿ ಉದುರುತ್ತದೆ. ಐಎಸ್ 456:2000 ಪ್ರಕಾರ ಸೌಮ್ಯ ವಾತಾವರಣದಲ್ಲಿ ಕಂಬಿಯನ್ನು ಮುಚ್ಚುವ ಕಾಂಕ್ರೀಟ್ ಪದರ, ಅಂದರೆ ಕವರ್, 20 ಮಿ.ಮೀ.; ಕರಾವಳಿಯಲ್ಲಿ ಇನ್ನೂ ಹೆಚ್ಚು ಬೇಕು.

ಸ್ಲ್ಯಾಬಿನಷ್ಟೇ ಗಟ್ಟಿಯಾದ ಕಾಂಕ್ರೀಟ್ ಕವರ್ ಬ್ಲಾಕ್‌ಗಳನ್ನು ಸುಮಾರು ಮೀಟರಿಗೊಂದರಂತೆ ಬೈಂಡಿಂಗ್ ವೈರಿನಿಂದ ಕಟ್ಟಿಸಬೇಕು. ಬಾಲ್ಕನಿಯ ಮೇಲ್ಕಂಬಿಗೆ, ಬೀಮ್ ಮೇಲೆ ಹಾಯುವ ಮೇಲ್ಕಂಬಿಗೆ ಕಂಬಿಯಿಂದಲೇ ಬಗ್ಗಿಸಿದ ಚೇರ್ ಕೊಡಬೇಕು. ತುಳಿತಕ್ಕೆ ಮೇಲ್ಕಂಬಿ ಕೆಳಗಿಳಿದರೆ ಬಾಲ್ಕನಿಯ ಬಲವೇ ಕುಗ್ಗುತ್ತದೆ.

ಎಂಜಿನಿಯರ್ ಕವರ್ ಬ್ಲಾಕ್, ಚೇರ್ ಎರಡನ್ನೂ ನೋಡಿ ಒಪ್ಪುವವರೆಗೆ ಮಿಕ್ಸರ್ ಚಾಲೂ ಮಾಡಿಸಬೇಡಿ.