ಗ್ಯಾರೇಜ್ ಬಾಗಿಲಿನಡಿ ನಲುಗುವ ವೈರು

ಕೆನಡಾದ ವಿನಿಪೆಗ್‌ನಲ್ಲಿರುವ ಓದುಗರೊಬ್ಬರು ಕಾರಿನ ಎಂಜಿನ್ ಹೀಟರ್‌ಗೆ ಗ್ಯಾರೇಜ್ ಒಳಗಿನಿಂದ, ಬಾಗಿಲಿನಡಿಯಲ್ಲಿ ಎಕ್ಸ್‌ಟೆನ್ಶನ್ ವೈರ್ ಎಳೆಯುತ್ತಾರೆ. ಹೊರಗೋಡೆಗೇ ಪ್ಲಗ್ ಪಾಯಿಂಟ್ ಹಾಕಿಸಬಹುದೇ ಎಂಬುದು ಅವರ ಪ್ರಶ್ನೆ.

ಖಂಡಿತ ಹಾಕಿಸಿ. ಅದಕ್ಕೂ ಮೊದಲು ಪ್ಲಗ್ ಕಿತ್ತು, ಆ ವೈರನ್ನು ಬೆರಳಲ್ಲಿ ಸವರಿ ನೋಡಿ. ಬಾಗಿಲು ಒತ್ತುವ ಜಾಗದಲ್ಲಿ ಚಪ್ಪಟೆಯಾಗಿದ್ದರೆ ಇಂದೇ ಬಿಸಾಡಿ.

ಹೀಟರ್ ಎಷ್ಟು ವ್ಯಾಟ್‌ನದು ಎಂದು ತಿಳಿದುಕೊಳ್ಳಿ. ಸಾಮಾನ್ಯವಾಗಿ 400ರಿಂದ 1,000 ಇರುತ್ತದೆ. ಅಲ್ಲಿನ 120 ವೋಲ್ಟ್, 15 ಆಂಪಿಯರ್ ಸರ್ಕ್ಯೂಟ್ ಮೇಲೆ ಗಂಟೆಗಟ್ಟಲೆ ಹೇರಬಹುದಾದ ಹೊರೆ 1,440 ವ್ಯಾಟ್. 750ರ ಎರಡು ಹೀಟರ್ ಸೇರಿದರೆ 1,500! ಎರಡನೇ ಕಾರಿದ್ದರೆ ಬೇರೆ ಸರ್ಕ್ಯೂಟೇ ಬೇಕು.

ಪಾಯಿಂಟ್ ಕಾರಿನ ಮೂತಿ ನಿಲ್ಲುವ ಕಡೆ, ಹಿಮ ರಾಶಿ ಬೀಳುವ ಮಟ್ಟಕ್ಕಿಂತ ಮೇಲಿರಲಿ. ಪ್ಲಗ್ ಸಿಕ್ಕಿಸಿದಾಗಲೂ ಮುಚ್ಚಿಕೊಳ್ಳುವ ಮುಚ್ಚಳ, ಕರೆಂಟ್ ಸೋರಿದೊಡನೆ ಕಡಿಯುವ ಜಿಎಫ್‌ಸಿಐ ಎರಡೂ ಬೇಕು. ಅದು ಪದೇಪದೇ ಟ್ರಿಪ್ ಆಯಿತೆಂದು ದಯವಿಟ್ಟು ತೆಗೆಸಬೇಡಿ. ಹೀಟರನ್ನೂ ಅದರ ವೈರನ್ನೂ ಮೆಕ್ಯಾನಿಕ್‌ಗೆ ತೋರಿಸಿ.

ಹೊರಾಂಗಣಕ್ಕೆ ತಕ್ಕ ಟೈಮರ್ ಇಟ್ಟು, ಹೊರಡುವ ಮೂರು ಗಂಟೆ ಮೊದಲು ಹೀಟರ್ ಆನ್ ಆದರೆ ಸಾಕು. ರಾತ್ರಿಯಿಡೀ ಉರಿಸಿದರೆ ಬಿಲ್ಲಷ್ಟೇ ಏರುತ್ತದೆ.

ವೈರಿಂಗನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ಗೆ ಒಪ್ಪಿಸಿ, ಪರ್ಮಿಟ್ ಬಗ್ಗೆ ಅವರನ್ನೇ ಕೇಳಿ. ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆಯನ್ನು ಮೊದಲೇ ಬರವಣಿಗೆಯಲ್ಲಿ ಪಡೆಯಿರಿ.