ಇಂಜಿನ್ನಿನ ಮೂಗುದಾರ



ನಮ್ಮೂರ ಮಹಿಳಾ ಸಂಘದವರು ಸಾಲ ಮಾಡಿ ಕಳೆ ತೆಗೆಯುವ ಯಂತ್ರ ತಂದಿದ್ದರು. ಪೆಟ್ರೋಲ್ ಇಂಜಿನ್ನಿನ ಸಣ್ಣ ಯಂತ್ರ. ಹತ್ತು ಮನೆಯವರು ಸರದಿಯ ಮೇಲೆ ಬಳಸುತ್ತಿದ್ದರು. ಬೇರೆಯವರಿಗೆ ಬಾಡಿಗೆಗೂ ಕೊಡುತ್ತಿದ್ದರು. ಬಂದ ಬಾಡಿಗೆಯಲ್ಲಿ ಸಾಲದ ಕಂತು ಕಟ್ಟುತ್ತಿದ್ದರು.

ಯಂತ್ರ ನಡೆಸಲು ಒಬ್ಬ ಹುಡುಗ ಇದ್ದ. ಒಂದು ದಿನ ಅವನು ಇಂಜಿನ್ನಿನ ಪಕ್ಕದ ಸಣ್ಣ ಸ್ಪ್ರಿಂಗಿಗೆ ತಂತಿ ಬಿಗಿದ. ಇಂಜಿನ್ ಕಿರುಚಿತು. ಯಂತ್ರ ಜೋರಾಗಿ ಓಡಿತು. ಕೆಲಸ ಬೇಗ ಬೇಗ ಸಾಗಿತು. ಹುಡುಗನಿಗೆ ಖುಷಿ. ಮೂರನೆಯ ದಿನ ಮಧ್ಯಾಹ್ನ "ಢಣ್" ಅಂತ ಸದ್ದಾಯಿತು. ಇಂಜಿನ್ನಿನ ಹೊಟ್ಟೆಯಲ್ಲಿ ತೂತು ಬಿದ್ದಿತ್ತು. ಎಣ್ಣೆ ಸುರಿಯುತ್ತಿತ್ತು. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಆ ತಿಂಗಳ ಕಂತು ನಿಂತಿತು.

ಸಂಜೆ ಕಲಿಕಾ ಕೇಂದ್ರದಲ್ಲಿ ಅದೇ ಮಾತು. ಹುಡುಗನ ತಾಯಿಯೂ ಅಲ್ಲೇ ಇದ್ದರು. ತಲೆ ತಗ್ಗಿಸಿ ಕೂತಿದ್ದರು. ಸ್ವಲ್ಪ ಹೊತ್ತಿನ ಮೇಲೆ ಕೇಳಿದರು:

"ಟೀಚರಮ್ಮ, ನನ್ನ ಮಗ ಫೋನಿನಲ್ಲಿ ನೋಡಿ ಹಾಗೆ ಮಾಡಿದ್ದಂತೆ. ಯಾವುದೋ ದೇಶದಲ್ಲಿ ಹುಲ್ಲು ಕತ್ತರಿಸೋ ಯಂತ್ರದ ಮೇಲೆ ಕೂತು ರೇಸ್ ಓಡಿಸ್ತಾರಂತೆ. ಅವರೂ ಆ ಸ್ಪ್ರಿಂಗಿನ ಕಟ್ಟು ಬಿಚ್ತಾರಂತೆ. ಅವರದು ಒಡೆಯಲ್ಲ. ನಮ್ಮದು ಯಾಕೆ ಒಡೀತು?"

ಒಳ್ಳೆಯ ಪ್ರಶ್ನೆ. ನನಗೂ ಉತ್ತರ ಗೊತ್ತಿರಲಿಲ್ಲ. ಪೇಟೆಯ ಮೆಕ್ಯಾನಿಕ್ ಹತ್ತಿರ ಕೇಳಿದೆ. ಪುಸ್ತಕ ಓದಿದೆ. ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ. ನಿಧಾನವಾಗಿ ಓದಿ.

ಆ ಓಟ ಎಲ್ಲಿಯದು?

ಇಂಗ್ಲೆಂಡಿನಲ್ಲಿ ಎಷ್ಟೋ ಮನೆಗಳ ಮುಂದೆ ಹಿಂದೆ ಹುಲ್ಲು ಬೆಳೆಸುತ್ತಾರೆ. ದನಕ್ಕೆ ಹಾಕಲು ಅಲ್ಲ, ನೋಡಲು. ಅದನ್ನು ಚಾಪೆಯ ಹಾಗೆ ಸಮವಾಗಿ ಕತ್ತರಿಸುತ್ತಾರೆ. ಅದಕ್ಕೆ ಒಂದು ಯಂತ್ರ ಇದೆ. ಎಡ್ವಿನ್ ಬಡ್ಡಿಂಗ್ ಎಂಬಾತ ಅದನ್ನು ಕಂಡುಹಿಡಿದ. 1830ರಲ್ಲಿ ಅದಕ್ಕೆ ಹಕ್ಕುಪತ್ರ ಪಡೆದ. ಬಟ್ಟೆ ಗಿರಣಿಯಲ್ಲಿ ಉಣ್ಣೆ ಬಟ್ಟೆಯ ಮೇಲಿನ ನಾರು ಕತ್ತರಿಸುವ ಯಂತ್ರ ನೋಡಿ ಅವನಿಗೆ ಈ ಯೋಚನೆ ಬಂತು. ಮೊದಲು ಕೈಯಿಂದ ತಳ್ಳುತ್ತಿದ್ದರು. ಆಮೇಲೆ ಇಂಜಿನ್ ಬಂತು. ಮೇಲೆ ಕೂತು ನಡೆಸುವ ಯಂತ್ರವೂ ಬಂತು.

1973ರಲ್ಲಿ ವಿಸ್‌ಬರೋ ಗ್ರೀನ್ ಎಂಬ ಹಳ್ಳಿಯಲ್ಲಿ ಕೆಲವು ಗೆಳೆಯರು ಸೇರಿದರು. ಅವರಿಗೆ ಮೋಟಾರು ರೇಸಿನ ಹುಚ್ಚು. ಆದರೆ ಕಾರಿನ ರೇಸಿಗೆ ತುಂಬಾ ದುಡ್ಡು ಬೇಕು. ಕಡಿಮೆ ಖರ್ಚಿನಲ್ಲಿ ಏನು ಓಡಿಸಬಹುದು ಅಂತ ಮಾತಾಡುತ್ತಿದ್ದರು. ಎದುರಿನ ಮೈದಾನದಲ್ಲಿ ಒಬ್ಬರು ಹುಲ್ಲು ಕತ್ತರಿಸುತ್ತಿದ್ದರು. ಹಳ್ಳಿಯ ಮನೆ ಮನೆಯಲ್ಲೂ ಅಂಥ ಯಂತ್ರ ಇದೆಯಲ್ಲ, ಅದನ್ನೇ ಓಡಿಸೋಣ ಅಂದರು. ಜಿಮ್ ಗ್ಯಾವಿನ್ ಎಂಬುವರು ಮುಂದೆ ನಿಂತು ಸಂಘ ಕಟ್ಟಿದರು.

ಈ ಮಾತು ನಡೆದದ್ದು ಬಿಯರ್ ಮಾರುವ ಅಂಗಡಿಯಲ್ಲಿ. ಅದನ್ನು ಹೇಳಿದಾಗ ನಮ್ಮ ಕೇಂದ್ರದ ಅಜ್ಜಿ, "ಕುಡಿಯೋ ಜಾಗದಲ್ಲಿ ಹುಟ್ಟಿದ ಒಳ್ಳೇ ಮಾತು ಇದೊಂದೇ ಇರಬೇಕು" ಅಂದರು.

"ಗೆದ್ದರೆ ಎಷ್ಟು ದುಡ್ಡು ಕೊಡ್ತಾರೆ?" ಅಂತ ಇನ್ನೊಬ್ಬ ಅಕ್ಕ ಕೇಳಿದರು.

ಆ ಸಂಘದ ನಿಯಮದಲ್ಲಿ ದುಡ್ಡಿನ ಬಹುಮಾನವೇ ಇಲ್ಲ. ದುಡ್ಡು ಬಂದರೆ ದೊಡ್ಡವರು ಬರುತ್ತಾರೆ, ಬಡವರ ಓಟ ಬಡವರದ್ದಾಗಿ ಉಳಿಯುವುದಿಲ್ಲ. ನನಗೆ ಈ ನಿಯಮ ತುಂಬಾ ಇಷ್ಟವಾಯಿತು. ಇನ್ನೊಂದು ನಿಯಮವೂ ಇದೆ. ಯಂತ್ರ ನಿಜವಾಗಿ ಮನೆಯ ಹುಲ್ಲು ಕತ್ತರಿಸಲು ಮಾಡಿ ಮಾರಿದ್ದಾಗಿರಬೇಕು. ಓಟಕ್ಕೆ ಇಳಿಸುವ ಮುಂಚೆ ಅದರ ಕತ್ತಿ ತೆಗೆಯಲೇಬೇಕು. ಅಮೆರಿಕದಲ್ಲಿ 1992ರಲ್ಲಿ ಇಂಥದೇ ಒಂದು ಸಂಘ ಶುರುವಾಯಿತು.

ಹುಲ್ಲು ಕತ್ತರಿಸುವಾಗ ಈ ಯಂತ್ರ ಮನುಷ್ಯ ನಡೆದಷ್ಟೇ ನಿಧಾನ. ಓಟದಲ್ಲಿ ಕೆಲವು ಗಂಟೆಗೆ 80 ಕಿಲೋಮೀಟರ್ ಹತ್ತಿರ ಹೋಗುತ್ತವೆ. ಅದು ಹೇಗೆ? ಮೊದಲು ಇಂಜಿನ್ ಹೇಗೆ ನಡೆಯುತ್ತದೆ ನೋಡೋಣ.

ಇಂಜಿನ್ ಉಸಿರಾಡುತ್ತದೆ

ನಿಮ್ಮಲ್ಲಿ ಕೆಲವರಿಗೆ ಹೊಲಿಗೆ ಯಂತ್ರ ಗೊತ್ತು. ಕಾಲು ಮೇಲೆ ಕೆಳಗೆ ಆಡುತ್ತದೆ. ಪಕ್ಕದ ಕಂಬಿ ಆ ಆಟವನ್ನು ಚಕ್ರಕ್ಕೆ ಮುಟ್ಟಿಸುತ್ತದೆ. ಚಕ್ರ ತಿರುಗುತ್ತದೆ. ಇಂಜಿನ್ನಿನಲ್ಲೂ ಹೀಗೇ. ಅಲ್ಲಿ ಕಾಲಿನ ಬದಲು ಪಿಸ್ಟನ್ ಇದೆ. ಅದು ಕೊಳವೆಯೊಳಗೆ ಮೇಲೆ ಕೆಳಗೆ ಆಡುತ್ತದೆ. ಕಂಬಿಯ ಬದಲು ಕನೆಕ್ಟಿಂಗ್ ರಾಡ್ ಇದೆ. ಮೆಕ್ಯಾನಿಕ್ಕುಗಳು ಬರೀ ರಾಡ್ ಅನ್ನುತ್ತಾರೆ. ನಮ್ಮ ಸಂಘದ ಯಂತ್ರದಲ್ಲಿ ಮುರಿದದ್ದು ಇದೇ. ಮುರಿದ ತುಂಡೇ ಇಂಜಿನ್ನಿನ ಹೊಟ್ಟೆ ತೂತು ಮಾಡಿತ್ತು.

ಪಿಸ್ಟನ್ ನಾಲ್ಕು ಕೆಲಸ ಮಾಡುತ್ತದೆ. ಗಾಳಿ ಪೆಟ್ರೋಲು ಎಳೆಯುತ್ತದೆ. ಅದನ್ನು ಒತ್ತುತ್ತದೆ. ಆಗ ಪ್ಲಗ್ ಕಿಡಿ ಕೊಡುತ್ತದೆ, ಬೆಂಕಿ ಹೊತ್ತಿ ಪಿಸ್ಟನ್ನನ್ನು ಕೆಳಗೆ ದೂಡುತ್ತದೆ. ಕೊನೆಗೆ ಹೊಗೆ ಹೊರಗೆ ಹೋಗುತ್ತದೆ. ಎಳೆ, ಒತ್ತು, ಉರಿ, ಬಿಡು. ಇಷ್ಟಕ್ಕೆ ಚಕ್ರ ಎರಡು ಸುತ್ತು ತಿರುಗುತ್ತದೆ.

ಹುಲ್ಲಿನ ಯಂತ್ರದ ಇಂಜಿನ್ನು ಸಾಮಾನ್ಯವಾಗಿ ನಿಮಿಷಕ್ಕೆ ಹೆಚ್ಚೆಂದರೆ 3600 ಸುತ್ತು ತಿರುಗುತ್ತದೆ. ಅಂದರೆ ಸೆಕೆಂಡಿಗೆ 60 ಸುತ್ತು. ಬೆಂಕಿ ಹೊತ್ತುವುದು ಸೆಕೆಂಡಿಗೆ 30 ಸಲ. ನಾವು ಒಂದು ಸಲ ಕಣ್ಣು ಮಿಟುಕಿಸುವಷ್ಟರಲ್ಲಿ ಎಷ್ಟೋ ಸಲ ಹೊತ್ತಿ ಆರಿರುತ್ತದೆ.

ಮೂಗುದಾರ ಯಾವುದು?

ಸುತ್ತು 3600 ದಾಟದ ಹಾಗೆ ತಡೆಯುವುದು ಯಾರು? ಅದಕ್ಕೆ ಗವರ್ನರ್ ಅಂತ ಒಂದು ಭಾಗ ಇದೆ.

ಲಂಗ ಉಟ್ಟ ಮಗು ಗಿರ್ರನೆ ತಿರುಗಿದರೆ ಲಂಗ ಅರಳುತ್ತದೆ. ನಿಧಾನ ಮಾಡಿದರೆ ಇಳಿಯುತ್ತದೆ. ಇಂಜಿನ್ ಒಳಗೆ ಸಣ್ಣ ತೂಕದ ತುಂಡುಗಳು ಹೀಗೆ ತಿರುಗುತ್ತಿರುತ್ತವೆ. ವೇಗ ಹೆಚ್ಚಾದರೆ ಅವು ಅರಳುತ್ತವೆ. ಅರಳಿ ಪೆಟ್ರೋಲು ಗಾಳಿಯ ದಾರಿಯನ್ನು ಕಿರಿದು ಮಾಡುತ್ತವೆ. ಹೊರಗಿನ ಸ್ಪ್ರಿಂಗು ಅದೇ ದಾರಿಯನ್ನು ಅಗಲ ಮಾಡಲು ಎಳೆಯುತ್ತಿರುತ್ತದೆ. ಇಬ್ಬರ ಜಗ್ಗಾಟದಲ್ಲಿ ವೇಗ ಒಂದೇ ಹದದಲ್ಲಿ ನಿಲ್ಲುತ್ತದೆ. ಹುಡುಗ ತಂತಿ ಬಿಗಿದದ್ದು ಈ ಸ್ಪ್ರಿಂಗಿಗೆ. ದಾರಿ ತೆರೆದೇ ಉಳಿಯಿತು. ಎತ್ತಿನ ಮೂಗುದಾರ ಕಳಚಿದ ಹಾಗಾಯಿತು.

ಇಲ್ಲಿ ಒಂದು ಲೆಕ್ಕ ಇದೆ. ಇದು ಮುಖ್ಯ. ಇಂಜಿನ್ನಿನ ವೇಗ ಎರಡು ಪಟ್ಟಾದರೆ ರಾಡಿನ ಮೇಲೆ ಬೀಳುವ ಜಗ್ಗು ಎರಡು ಪಟ್ಟಾಗುವುದಿಲ್ಲ, ನಾಲ್ಕು ಪಟ್ಟಾಗುತ್ತದೆ. ವೇಗ ಮೂರು ಪಟ್ಟಾದರೆ ಜಗ್ಗು ಒಂಬತ್ತು ಪಟ್ಟು. ಪಿಸ್ಟನ್ ಮೇಲೆ ಹೋಗಿ ನಿಂತು, ತಿರುಗಿ ಕೆಳಗೆ ಬರಬೇಕಲ್ಲ. ಪ್ರತಿ ಸಲವೂ ರಾಡೇ ಅದನ್ನು ಹಿಡಿದು ಎಳೆಯಬೇಕು. ಸಣ್ಣ ಇಂಜಿನ್ನಿನ ರಾಡು ಸಾಮಾನ್ಯವಾಗಿ ಎರಕ ಹೊಯ್ದ ಅಲ್ಯೂಮಿನಿಯಂನದು. ಅದನ್ನು ಮಾಡಿರುವುದೇ 3600 ಸುತ್ತಿಗೆ.

ಓಟದವರು ಏನು ಮಾಡುತ್ತಾರೆ?

ಅವರಲ್ಲೂ ಕೆಲವರು ಗವರ್ನರ್ ತೆಗೆಯುತ್ತಾರೆ, ನಿಜ. ಆದರೆ ಅದು ಮೊದಲ ಕೆಲಸ ಅಲ್ಲ, ಕೊನೆಯದು.

ಮೊದಲು ಇಂಜಿನ್ ಪೂರ್ತಿ ಬಿಚ್ಚುತ್ತಾರೆ. ಹಳೆಯ ರಾಡ್ ಎಸೆದು, ಗಟ್ಟಿ ಲೋಹದ ತುಂಡನ್ನು ಕೊರೆದು ಮಾಡಿದ ರಾಡ್ ಹಾಕುತ್ತಾರೆ. ಆಮೇಲೆ ಫ್ಲೈವೀಲ್. ಅಂದರೆ ಇಂಜಿನ್ನಿನ ಭಾರವಾದ ಚಕ್ರ. ಜೋಳದ ಹೊಲದಲ್ಲಿ ಹಕ್ಕಿ ಓಡಿಸುವ ಕವಣೆ ನೋಡಿದ್ದೀರಲ್ಲ? ಜೋರಾಗಿ ತಿರುಗಿಸಿದಷ್ಟೂ ಕಲ್ಲು ಹೊರಗೆ ಹಾರಲು ನೋಡುತ್ತದೆ. ಎರಕದ ಚಕ್ರವನ್ನು ಮಿತಿ ಮೀರಿ ತಿರುಗಿಸಿದರೆ ಅದು ಸಿಡಿದು ತುಂಡುಗಳು ಕವಣೆ ಕಲ್ಲಿನ ಹಾಗೆ ಹಾರುತ್ತವೆ. ರಾಡ್ ಮುರಿದರೆ ಇಂಜಿನ್ ಹೋಗುತ್ತದೆ. ಚಕ್ರ ಸಿಡಿದರೆ ಮನುಷ್ಯರೇ ಹೋಗಬಹುದು. ಅದಕ್ಕೇ ಅದನ್ನೂ ಗಟ್ಟಿಯಾದದ್ದಕ್ಕೆ ಬದಲಾಯಿಸುತ್ತಾರೆ. ನಮ್ಮ ಹುಡುಗನ ವಿಷಯ ನೆನೆದರೆ ನನಗೆ ಈಗಲೂ ಎದೆ ಝಲ್ ಅನ್ನುತ್ತದೆ.

ಗಾಳಿ ಒಳಗೆ ಬಿಡುವ, ಹೊಗೆ ಹೊರಗೆ ಬಿಡುವ ಬಾಗಿಲುಗಳಿಗೆ ವಾಲ್ವ್ ಎನ್ನುತ್ತಾರೆ. ವೇಗ ಹೆಚ್ಚಾದರೆ ಹಳೆಯ ಸ್ಪ್ರಿಂಗು ಆ ಬಾಗಿಲನ್ನು ಸಮಯಕ್ಕೆ ಮುಚ್ಚಲಾರದು. ಅದಕ್ಕೂ ಬಿಗಿಯಾದ ಸ್ಪ್ರಿಂಗು ಹಾಕುತ್ತಾರೆ. ಕಿಡಿಯನ್ನು ಸ್ವಲ್ಪ ಮುಂಚೆ ಬರುವ ಹಾಗೆ ಮಾಡುತ್ತಾರೆ. ಬೆಂಕಿ ಪೂರ್ತಿ ಹೊತ್ತಲು ಸಮಯ ಬೇಕಲ್ಲ. ಬಸ್ಸಿನ ಸಮಯಕ್ಕೆ ಸರಿಯಾಗಿ ನಿಲ್ದಾಣದಲ್ಲಿ ಇರಬೇಕಾದರೆ ಮನೆ ಮುಂಚೆಯೇ ಬಿಡಬೇಕು, ಹಾಗೆ. ಆದರೆ ಕಿಡಿ ಅತಿ ಮುಂಚೆ ಬಂದರೆ ಪಿಸ್ಟನ್ನಿಗೆ ಎದುರೇಟು ಬೀಳುತ್ತದೆ.

ಇನ್ನು ಪೆಟ್ರೋಲು ಗಾಳಿಯ ಹದ. ಇದು ನಮ್ಮ ಒಲೆಯ ವಿದ್ಯೆ. ಸೌದೆ ತುಂಬಿ ಗಾಳಿ ಕಡಿಮೆಯಾದರೆ ಹೊಗೆ. ಊದುಕೊಳವೆಯಲ್ಲಿ ಊದಿದರೆ ಉರಿ. ಇಂಜಿನ್ನಿನಲ್ಲಿ ಈ ಹದ ಮಾಡುವುದು ಕಾರ್ಬುರೇಟರ್. ಪಂಪ್ ಸ್ಟೌ ಬಳಸಿದ ಅಕ್ಕಂದಿರಿಗೆ ಅದರ ನಿಪ್ಪಲ್ಲಿನ ತೂತು ನೆನಪಿರಬೇಕು. ಪಿನ್ನು ಹಾಕಿ ಚುಚ್ಚುತ್ತಿದ್ದೆವು. ಕಾರ್ಬುರೇಟರಿನಲ್ಲೂ ಅಂಥ ಸಣ್ಣ ತೂತು ಇದೆ. ಓಟದವರು ಹೆಚ್ಚು ಗಾಳಿ ಬಿಡುತ್ತಾರೆ, ಅದಕ್ಕೆ ತಕ್ಕ ಹಾಗೆ ತೂತೂ ದೊಡ್ಡದು ಮಾಡುತ್ತಾರೆ. ಹದ ಸರಿ ಇದೆಯೋ ಇಲ್ಲವೋ ಅಂತ ಪ್ಲಗ್ ಬಿಚ್ಚಿ ಅದರ ತುದಿ ನೋಡುತ್ತಾರೆ. ತುದಿ ಮಸಿಯ ಹಾಗೆ ಕಪ್ಪಗಿದ್ದರೆ ಪೆಟ್ರೋಲು ಹೆಚ್ಚು. ಬೆಳ್ಳಗಿದ್ದರೆ ಪೆಟ್ರೋಲು ಕಡಿಮೆ, ಇಂಜಿನ್ ಅತಿಯಾಗಿ ಕಾಯುತ್ತಿದೆ. ತಿಳಿ ಕಂದು ಬಣ್ಣ ಇದ್ದರೆ ಹದ ಸರಿ. ಇದನ್ನು ನಮ್ಮ ಕಳೆ ಯಂತ್ರದಲ್ಲೂ ನೋಡಬಹುದು. ಇಂಜಿನ್ ತಣ್ಣಗಾದ ಮೇಲೆ ಮಾತ್ರ ಬಿಚ್ಚಿ.

ಇಂಜಿನ್ ಮುಟ್ಟದೆಯೂ ವೇಗ ಹೆಚ್ಚಿಸುವ ದಾರಿ ಇದೆ. ಹೊಲಿಗೆ ಯಂತ್ರದಲ್ಲಿ ಕೆಳಗಿನ ಚಕ್ರ ದೊಡ್ಡದು, ಮೇಲಿನದು ಸಣ್ಣದು. ಕೆಳಗೆ ಒಂದು ಸುತ್ತಾದರೆ ಮೇಲೆ ಹಲವು ಸುತ್ತು. ಬೆಲ್ಟಿನ ಪುಲ್ಲಿಗಳನ್ನು ಹೀಗೇ ಬದಲಾಯಿಸಿದರೆ ಯಂತ್ರ ಬೇಗ ಓಡುತ್ತದೆ. ಆದರೆ ಬೇಗ ಓಡಿದರೆ ಶಕ್ತಿ ಕಡಿಮೆ. ಓಟಕ್ಕೆ ಅದು ಸರಿ. ಕಳೆ ಕೀಳುವ ಯಂತ್ರಕ್ಕೆ ಶಕ್ತಿಯೇ ಬೇಕು.

ಬ್ರೇಕು, ಅಚ್ಚು ಗಟ್ಟಿ ಮಾಡುವುದನ್ನೂ ಮರೆಯುವುದಿಲ್ಲ. ಅಮೆರಿಕದ ಓಟಗಳಲ್ಲಿ ನಡೆಸುವವರ ಮೈಗೆ ಒಂದು ದಾರ ಕಟ್ಟಿರುತ್ತಾರೆ. ಬಿದ್ದರೆ ದಾರ ಕಿತ್ತು ಇಂಜಿನ್ ನಿಲ್ಲುತ್ತದೆ. ತಲೆಗೆ ಹೆಲ್ಮೆಟ್ ಕಡ್ಡಾಯ.

ಇಷ್ಟೆಲ್ಲಾ ಮಾಡಿದರೂ ಅವರ ಇಂಜಿನ್ ಒಡೆಯುತ್ತದೆ. ಒಡೆಯಲ್ಲ ಅನ್ನುವುದು ಸುಳ್ಳು. ಫೋನಿನಲ್ಲಿ ಗೆದ್ದ ಯಂತ್ರ ತೋರಿಸುತ್ತಾರೆ, ಬಿಚ್ಚಿ ಹಾಕಿದ ಯಂತ್ರ ಯಾರು ತೋರಿಸುತ್ತಾರೆ? ಇಂಗ್ಲೆಂಡಿನಲ್ಲಿ 1978ರಿಂದ 12 ಗಂಟೆಯ ಓಟವೂ ಇದೆ. ರಾತ್ರಿಯಿಡೀ ಓಡಿಸಬೇಕು. ಅಲ್ಲಿ ನಡುವೆ ಕೆಟ್ಟು ನಿಂತರೆ ಎಷ್ಟು ವೇಗ ಇದ್ದೂ ಪ್ರಯೋಜನ ಇಲ್ಲ. ಕಾರು ರೇಸಿನಲ್ಲಿ ಹೆಸರಾದ ಸ್ಟರ್ಲಿಂಗ್ ಮಾಸ್ ಕೂಡ ಈ ಓಟ ಗೆದ್ದಿದ್ದರು.

"ಹೆಂಗಸರು ಓಡಿಸ್ತಾರಾ?" ಅಂತ ಅಜ್ಜಿ ಕೇಳಿದರು.

ಓಡಿಸುತ್ತಾರೆ. 2019ರಲ್ಲಿ ಜೆಸ್ ಹಾಕಿನ್ಸ್ ಎಂಬ ಇಂಗ್ಲೆಂಡಿನ ಹೆಣ್ಣುಮಗಳು ಜರ್ಮನಿಯಲ್ಲಿ ಒಂದು ಹುಲ್ಲಿನ ಯಂತ್ರವನ್ನು ಗಂಟೆಗೆ ಸುಮಾರು 243 ಕಿಲೋಮೀಟರ್ ವೇಗದಲ್ಲಿ ಓಡಿಸಿದರು. ಹೋಂಡಾ ಕಂಪನಿ ಮಾಡಿಸಿದ ಯಂತ್ರ ಅದು. ಅದರೊಳಗೆ ಇದ್ದದ್ದು ಮಾತ್ರ ದೊಡ್ಡ ಮೋಟಾರ್ ಬೈಕಿನ ಇಂಜಿನ್ನು.

ಈಗ ಸಂಘದ ಯಂತ್ರಕ್ಕೆ ಹೊಸ ರಾಡ್ ಹಾಕಿಸಿದ್ದಾರೆ. ಹುಡುಗ ಮೂರು ತಿಂಗಳು ಅರ್ಧ ಕೂಲಿಗೆ ದುಡಿಯಲು ಒಪ್ಪಿದ್ದಾನೆ. ಕೆಲವರು ಅವನನ್ನು ತೆಗೆದುಹಾಕಿ ಅಂದರು. ನಾನು ಬೇಡ ಅಂದೆ. ಇಂಜಿನ್ ಬಿಚ್ಚಿದಾಗ ಅವನೂ ಅವನ ತಾಯಿಯೂ ಮೆಕ್ಯಾನಿಕ್ ಪಕ್ಕದಲ್ಲೇ ಕೂತು ನೋಡಿದರು. ಸಂಘದ ಪುಸ್ತಕದಲ್ಲಿ ಆ ತಾಯಿಯೇ ಪೆನ್ಸಿಲಿನಲ್ಲಿ ಬರೆದಿದ್ದಾರೆ: "ದಿನಾ ಎಣ್ಣೆ ನೋಡಬೇಕು. ಗವರ್ನರ್ ಮುಟ್ಟಬಾರದು." ಗವರ್ನರ್ ಪದದ ಅರ್ಕಾವೊತ್ತು ಬರೆಯಲು ಮೂರು ಸಲ ಅಳಿಸಿದರು.

ಲೆಕ್ಕ ಮಾಡಿ, ಮಾತಾಡಿ

1. ಒಂದು ಇಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುತ್ತದೆ. ಸೆಕೆಂಡಿಗೆ ಎಷ್ಟು ಸುತ್ತು? ಬೆಂಕಿ ಎಷ್ಟು ಸಲ ಹೊತ್ತುತ್ತದೆ?

2. ವೇಗ ನಾಲ್ಕು ಪಟ್ಟಾದರೆ ರಾಡಿನ ಜಗ್ಗು ಎಷ್ಟು ಪಟ್ಟು?

3. ನಿಮ್ಮೂರಿನಲ್ಲಿ ಯಾವ ಯಾವ ಯಂತ್ರಕ್ಕೆ ಸಣ್ಣ ಇಂಜಿನ್ ಇದೆ? ಅದರ ಗವರ್ನರ್ ಎಲ್ಲಿದೆ? ನಡೆಸುವವರನ್ನು ಕೇಳಿ, ನೋಡಿ ಬನ್ನಿ.